ಬಟ್ಟೆ ಅಂದ್ರೆ ಪ್ರಾಣ, ಆದರೆ ಚಿತ್ರ ಬಿಡಿಸೋಕೆ ಬರಲ್ಲ. ಫ್ಯಾಷನ್‌ನಲ್ಲಿ ನನಗೆ ಕೆಲಸ ಸಿಗುತ್ತಾ?

ನಿಮ್ಮ ಫೋನ್ ತುಂಬಾ ರೆಡ್ ಕಾರ್ಪೆಟ್ ಫೋಟೋಗಳಿವೆ. ಯಾವ ನಟಿ ಯಾವ ಸಮಾರಂಭಕ್ಕೆ ಯಾರು ಮಾಡಿದ ಗೌನ್ ತೊಟ್ಟಿದ್ದರು ಅಂತ ಥಟ್ಟನೆ ಹೇಳುತ್ತೀರಿ. ರಸ್ತೆಯಲ್ಲಿ ಚೆನ್ನಾಗಿ ಡ್ರೆಸ್ ಮಾಡಿಕೊಂಡವರು ಕಂಡರೆ ಫೋಟೋ ತೆಗೆಯುತ್ತೀರಿ. ಆದರೆ ಚಿತ್ರ ಬಿಡಿಸಲು ಬರುವುದಿಲ್ಲ, ಫ್ಯಾಷನ್ ಕಾಲೇಜು ಬೇಕೋ ಬೇಡವೋ ತಿಳಿಯುತ್ತಿಲ್ಲ, ಈ ಹುಚ್ಚಿನಿಂದ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ತುಂಬುತ್ತದೆ. ಆದರೆ ಅದಕ್ಕೆ ನೀವು ಬಟ್ಟೆಯನ್ನು ನೋಡುವ ರೀತಿ ಬದಲಾಗಬೇಕು. ನಾನು ಸ್ಟೈಲಿಸ್ಟ್, ಅಂದರೆ ತಾರೆಯರಿಗೆ ಬಟ್ಟೆ ಆರಿಸಿ ತೊಡಿಸುವವರು, ಅಂಥ ಒಬ್ಬರ ಕೈಕೆಳಗೆ ಅಸಿಸ್ಟೆಂಟ್ ಆಗಿ ಶುರು ಮಾಡಿದವಳು, ಈಗ ಸ್ವಂತವಾಗಿ ಸ್ಟೈಲಿಂಗ್ ಮಾಡುತ್ತೇನೆ. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಬಿಲ್ ಕನ್ನಿಂಗ್‌ಹ್ಯಾಮ್ ಅಂತ ನ್ಯೂಯಾರ್ಕಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದರು. ಮೊದಲು ಟೋಪಿ ಮಾಡುತ್ತಿದ್ದವರು. ಆಮೇಲೆ ಕೆಲಸಗಾರರು ಹಾಕುವ ನೀಲಿ ಕೋಟು ತೊಟ್ಟು, ಸೈಕಲ್ ಮೇಲೆ ಸುತ್ತುತ್ತಾ, ರಸ್ತೆಯಲ್ಲಿ ಹೋಗುವವರ ಬಟ್ಟೆಯ ಫೋಟೋ ತೆಗೆದರು. 2016ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. 1978ರಲ್ಲಿ ಕೋಟು ಹಾಕಿಕೊಂಡ ಒಬ್ಬ ಹೆಂಗಸು ನಡೆದು ಹೋಗುತ್ತಿದ್ದರು. ಆ ಕೋಟಿನ ಭುಜದ ಕಟಿಂಗ್ ನೋಡಿ ಮರುಳಾಗಿ ಇವರು ಫೋಟೋ ತೆಗೆದರು. ಆಕೆ ಗ್ರೇಟಾ ಗಾರ್ಬೋ ಅಂತ ಆಮೇಲಷ್ಟೇ ಗೊತ್ತಾಯಿತು. ಜನರ ಕಣ್ಣು ತಪ್ಪಿಸಿ ಬದುಕುತ್ತಿದ್ದ ಅಷ್ಟು ದೊಡ್ಡ ಹಾಲಿವುಡ್ ತಾರೆ! ಆದರೆ ಕನ್ನಿಂಗ್‌ಹ್ಯಾಮ್ ನೋಡಿದ್ದು ಮುಖವನ್ನಲ್ಲ, ಭುಜವನ್ನು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರು ನೆಲೆ ಕಂಡುಕೊಂಡದ್ದು ಆ ಫೋಟೋಗಳಿಂದಲೇ.

ನಿಮ್ಮ ಫೋನಿನಲ್ಲಿರುವ ಫೋಟೋಗಳನ್ನು ಹಾಗೆ ನೋಡಲು ಶುರು ಮಾಡಿ. ಹೆಬ್ಬೆರಳಿನಿಂದ ಮುಖ ಮುಚ್ಚಿಬಿಡಿ. ಭುಜದ ಹೊಲಿಗೆ ಎಲ್ಲಿ ಮುಗಿಯುತ್ತದೆ? ಮೂಳೆಯ ತುದಿಗೆ ಸರಿಯಾಗಿ ಕೂತಿದೆಯಾ, ಕೆಳಗೆ ಜಾರಿದೆಯಾ? ಜಾರಿದ್ದರೆ ಬೇಕು ಅಂತಲೇ ಹಾಗೆ ಹೊಲಿದದ್ದಾ? ಕಂಕುಳಿನಿಂದ ಎದೆಯ ಕಡೆಗೆ ಓರೆಯಾಗಿ ಸುಕ್ಕು ಬಿದ್ದಿದ್ದರೆ ಅಲ್ಲೆಲ್ಲೋ ಬಟ್ಟೆ ಸಾಲದೆ ಎಳೆಯುತ್ತಿದೆ ಅಂತ ಅರ್ಥ. ಲಂಗದ ಅಂಚು ಹಿಂದೆ ಮುಂದೆ ಒಂದೇ ಎತ್ತರದಲ್ಲಿದೆಯಾ? ಪ್ಯಾಂಟು ಶೂ ಮೇಲೆ ಮಡಿಕೆ ಬಿದ್ದು ನಿಂತಿದೆಯಾ, ಬೀಳದೆ ನೇರ ಇಳಿದಿದೆಯಾ? ಮೈಗೆ ನೀರಿನ ಹಾಗೆ ಅಂಟಿಕೊಂಡು ಇಳಿಯುವ ಸ್ಯಾಟಿನ್ ಗೌನ್‌ಗಳು ನಿಮ್ಮ ಫೋನಿನಲ್ಲಿ ಖಂಡಿತ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಟೈಲರ್‌ಗಳು ಕ್ರಾಸ್ ಕಟಿಂಗ್ ಅನ್ನುವ ರೀತಿಯಲ್ಲಿ ಕತ್ತರಿಸಿದವು. ಬಟ್ಟೆಯನ್ನು ಎಳೆಗೆ ಓರೆಯಾಗಿ ಇಟ್ಟು ಕತ್ತರಿಸಿದರೆ ಅದು ತಾನಾಗಿಯೇ ಸ್ವಲ್ಪ ಹಿಗ್ಗುತ್ತದೆ. ಪ್ಯಾರಿಸ್ಸಿನ ಮ್ಯಾಡಲೀನ್ ವಿಯೋನೆ 1920ರ ದಶಕದಲ್ಲಿ ಇಡೀ ಗೌನನ್ನೇ ಹೀಗೆ ಕತ್ತರಿಸಿ ಹೆಸರು ಮಾಡಿದರು. ಇದು ತಿಳಿದ ಮೇಲೆ "ಎಷ್ಟು ಚೆಂದ" ಅಂತ ಹೇಳುತ್ತಿದ್ದವರು "ಯಾಕೆ ಚೆಂದ" ಅಂತ ಹೇಳಬಲ್ಲಿರಿ. ಸಂಬಳ ಬರುವುದು ಈ ಎರಡನೆಯದಕ್ಕೆ.

ಇನ್ನು ಸೆಲೆಬ್ರಿಟಿ ಫೋಟೋದ ಹಿಂದಿನ ಕೆಲಸ. ರೆಡ್ ಕಾರ್ಪೆಟ್ ಮೇಲೆ ಕಾಣುವ ಬಟ್ಟೆಗಳಲ್ಲಿ ಬಹಳಷ್ಟು ಎರವಲು. ಕಂಪನಿಯಿಂದ ಬರುತ್ತವೆ, ಮರುದಿನ ವಾಪಸ್ ಹೋಗುತ್ತವೆ. ಅವು ಫ್ಯಾಷನ್ ಶೋನ ರನ್‌ವೇ ಮೇಲೆ ನಡೆಯುವ ಮಾಡೆಲ್ ಅಳತೆಗೆ ಹೊಲಿದ ಸ್ಯಾಂಪಲ್‌ಗಳು. ಕತ್ತರಿ ಹಾಕದೆ ಅದನ್ನು ಇನ್ನೊಬ್ಬರ ಮೈಗೆ ಕೂರಿಸಬೇಕು. ಸ್ಟುಡಿಯೋ ಫೋಟೋ ಆದರೆ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಬಹುದು, ಕ್ಯಾಮೆರಾ ಇರುವುದು ಮುಂದೆ ತಾನೇ. ರೆಡ್ ಕಾರ್ಪೆಟ್‌ನಲ್ಲಿ ಸುತ್ತಲೂ ಕ್ಯಾಮೆರಾ. ಅಲ್ಲಿ ಕೈಹೊಲಿಗೆ ಮತ್ತು ಎರಡೂ ಬದಿ ಅಂಟುವ ಟೇಪೇ ಗತಿ. ಜೆನಿಫರ್ ಲೋಪೆಜ್ 2000ದ ಗ್ರ್ಯಾಮಿ ಸಮಾರಂಭಕ್ಕೆ ಹಾಕಿಕೊಂಡು ಬಂದ ವರ್ಸಾಚೆ ಹಸಿರು ಗೌನ್ ನೆನಪಿದೆಯಾ? ಹೊಕ್ಕುಳಿನವರೆಗೆ ಇಳಿದ ಆ ಕೊರಳು ಜಾಗ ಬಿಟ್ಟು ಕದಲದಂತೆ ಹಿಡಿದದ್ದು ಇಂಥ ಟೇಪೇ. ಆ ಗೌನನ್ನು ಗೂಗಲ್‌ನಲ್ಲಿ ಎಷ್ಟು ಜನ ಹುಡುಕಿದರು ಅಂದರೆ, 2001ರಲ್ಲಿ ಬಂದ ಗೂಗಲ್ ಇಮೇಜಸ್‌ಗೆ ಅದೂ ಒಂದು ಪ್ರೇರಣೆ ಅಂತ ಕಂಪನಿಯ ಎರಿಕ್ ಶ್ಮಿಟ್ ಅವರೇ ಮುಂದೆ ಬರೆದರು.

ಅಸಿಸ್ಟೆಂಟ್ ಆದವರ ದಿನ ಹೇಗಿರುತ್ತದೆ ಗೊತ್ತಾ? ಬಂದ ಪ್ರತಿ ಬಟ್ಟೆಯ ಫೋಟೋ ತೆಗೆದು, ಎಲ್ಲಿಂದ ಬಂತು, ಯಾವತ್ತು ವಾಪಸ್ ಹೋಗಬೇಕು, ಎಲ್ಲಿ ಗುಂಡಿ ಸಡಿಲ ಇದೆ ಅಂತ ಬರೆದಿಡಬೇಕು. ಸ್ಟೀಮರ್ ಹಿಡಿದು ಸುಕ್ಕು ಬಿಡಿಸಬೇಕು. ಶೂ ತಳಕ್ಕೆ ಟೇಪು ಅಂಟಿಸಬೇಕು, ಯಾಕೆಂದರೆ ಒಂದು ಗೀರೂ ಇಲ್ಲದೆ ಅದು ವಾಪಸ್ ಹೋಗಬೇಕು. ಕಿವಿಯೋಲೆಯ ತಿರುಪು ಕಳೆಯದ ಹಾಗೆ ಪುಟ್ಟ ಚೀಲಗಳಲ್ಲಿ ಕಟ್ಟಿಡಬೇಕು. ಸೆಲೆಬ್ರಿಟಿಯ ಜೊತೆ ಒಂದು ಮಾತೂ ಆಡದೆ ದಿನ ಮುಗಿಯುವುದೇ ಜಾಸ್ತಿ. ಆದರೂ ನಾನು ಕಲಿತದ್ದೆಲ್ಲ ಆ ಕೋಣೆಯಲ್ಲೇ. ಒಂದು ಸಂಜೆ ಒಬ್ಬ ಕಲಾವಿದೆಯ ಗೌನ್ ಹಿಂಭಾಗದಲ್ಲಿ, ಸೊಂಟದ ಹತ್ತಿರ, ಅಡ್ಡಡ್ಡ ಸುಕ್ಕು ಬೀಳುತ್ತಿತ್ತು. ಗೌನ್ ಬಿಗಿಯಾಗಿದೆ, ಪಕ್ಕದ ಹೊಲಿಗೆ ಬಿಚ್ಚಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ವಯಸ್ಸಾದ ಟೈಲರ್ ಒಬ್ಬರು ಸುಮ್ನೆ ಬಂದು ಹಿಂದೆ ನಿಂತರು. ಸೊಂಟದ ಹೊಲಿಗೆಯ ಹತ್ತಿರ ಒಂದು ಬೆರಳಿನಷ್ಟು ಬಟ್ಟೆಯನ್ನು ಮೇಲಕ್ಕೆ ಎತ್ತಿ ಗುಂಡುಸೂಜಿ ಚುಚ್ಚಿದರು. ಸುಕ್ಕು ಮಾಯ! ಅಗಲ ಸರಿಯಾಗೇ ಇತ್ತು. ಆಕೆಯ ಬೆನ್ನು ಸೊಂಟದ ಹತ್ತಿರ ಸ್ವಲ್ಪ ಒಳಗೆ ಬಾಗಿದ್ದರಿಂದ ಉದ್ದ ಜಾಸ್ತಿಯಾಗಿ ಬಟ್ಟೆ ಅಲ್ಲಿ ಗುಡ್ಡೆಯಾಗುತ್ತಿತ್ತು ಅಷ್ಟೇ. ಮರುದಿನ ಆ ಫೋಟೋ ಎಲ್ಲೆಡೆ ಓಡಾಡಿತು. ಟೈಲರ್ ಹೆಸರು ಎಲ್ಲೂ ಬರಲಿಲ್ಲ. ನನಗೆ ಈಗಲೂ ಅದು ಸರಿ ಅನ್ನಿಸುವುದಿಲ್ಲ.

ಸ್ಟೈಲಿಸ್ಟ್ ಕೆಲಸವೇ ಬೇಕು ಅಂತಿದ್ದರೆ ಅಮೆರಿಕದ ಸ್ಟೈಲಿಸ್ಟ್ ಲಾ ರೋಚ್ ಅವರ ದಾರಿಯನ್ನು ಗಮನಿಸಿ. ನಟಿ ಝೆಂಡಾಯಾ ಜೊತೆ ಕೆಲಸ ಶುರು ಮಾಡಿದಾಗ ದೊಡ್ಡ ಕಂಪನಿಗಳು ಆ ಹುಡುಗಿಗೆ ಬಟ್ಟೆ ಕೊಡಲು ಒಪ್ಪಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಅದಕ್ಕೂ ಮೊದಲು ಅವರು ಶಿಕಾಗೋದಲ್ಲಿ ಹಳೆಯ ಬಟ್ಟೆಗಳ ಅಂಗಡಿ ನಡೆಸಿದ್ದವರು. ಯಾವ ಕಾಲದಲ್ಲಿ ಯಾರು ಏನು ಮಾಡಿದ್ದರು ಅನ್ನುವುದು ಅವರಿಗೆ ಕರತಲಾಮಲಕ. 2024ರಲ್ಲಿ ಲಂಡನ್ನಿನ ಒಂದು ಪ್ರೀಮಿಯರ್‌ಗೆ ಝೆಂಡಾಯಾ ಡಿಸೈನರ್ ಥಿಯೆರಿ ಮ್ಯೂಗ್ಲರ್ ಅವರ 1995ರ ರೋಬಾಟ್ ಸೂಟ್ ತೊಟ್ಟು ಬಂದಾಗ ಲೋಕವೇ ನಿಂತು ನೋಡಿತು. ನಿಮಗೆ ಬಾಯಿಪಾಠ ಇರುವ ಆ ರೆಡ್ ಕಾರ್ಪೆಟ್ ಪಟ್ಟಿ ಉಪಯೋಗಕ್ಕೆ ಬರುವುದು ಇಲ್ಲೇ. ಆದ್ದರಿಂದ ಅದನ್ನು ಬಿಡಬೇಡಿ, ಹಿಂದಕ್ಕೆ ಬೆಳೆಸಿ. ಈ ಗೌನಿನ ಅಜ್ಜಿ ಯಾರು ಅಂತ ಹುಡುಕಿ. ಒಂದು ಮಾತು ನೆನಪಿರಲಿ, ಇಂದು ಎಷ್ಟೋ ತಾರೆಯರು ಒಂದೊಂದು ಬ್ರ್ಯಾಂಡ್ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. ಅಂಥ ಕಡೆ ತೊಟ್ಟ ಬಟ್ಟೆಯಲ್ಲಿ ಅವರ ಇಷ್ಟ ಎಷ್ಟು, ಕಂಪನಿಯ ಇಷ್ಟ ಎಷ್ಟು ಅಂತ ಹೊರಗಿನಿಂದ ಹೇಳಲಾಗದು.

ರಸ್ತೆಯ ವಿಷಯಕ್ಕೆ ಬರೋಣ. ನನಗೆ ಇದೇ ಹೆಚ್ಚು ಇಷ್ಟ. ಫ್ಯಾಷನ್ ವೀಕ್ ಬಾಗಿಲಲ್ಲಿ ತೆಗೆದ ಫೋಟೋಗಳನ್ನೂ ಸ್ಟ್ರೀಟ್ ಸ್ಟೈಲ್ ಅನ್ನುತ್ತಾರೆ. ಅಲ್ಲೂ ಎಷ್ಟೋ ಬಟ್ಟೆ ಕಂಪನಿಯವರು ಕಳಿಸಿದ್ದೇ. ಅದಕ್ಕಿಂತ ಬಸ್ಸಿಗೆ ಕಾಯುತ್ತಾ ನಿಂತವರನ್ನು ನೋಡಿ. ಶೋಯಿಚಿ ಆವೊಕಿ 1997ರಿಂದ ಟೋಕಿಯೋದ ಹರಾಜುಕುವಿನಲ್ಲಿ ಹುಡುಗ ಹುಡುಗಿಯರ ಫೋಟೋ ತೆಗೆದು ಫ್ರೂಟ್ಸ್ ಅನ್ನುವ ಪತ್ರಿಕೆ ನಡೆಸಿದರು. 2017ರವರೆಗೆ ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಫೋಟೋ ಜೊತೆಗಿದ್ದ ವಿವರ. ಅಂಗಿ ಎಲ್ಲಿಯದು, ಚೀಲ ಯಾವುದು, ಯಾವುದನ್ನು ಸ್ವಂತ ಹೊಲಿದುಕೊಂಡದ್ದು, ಎಲ್ಲ ಅಲ್ಲಿರುತ್ತಿತ್ತು. ನೀವೂ ಹಾಗೇ ಮಾಡಿ. ಮೊದಲು ಅನುಮತಿ ಕೇಳಿ, ಬೇಡ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಒಪ್ಪಿದರೆ ಫೋಟೋ ತೆಗೆದು ಓಡಬೇಡಿ, ಮಾತಾಡಿಸಿ. ತೋಳು ಯಾಕೆ ಮಡಚಿದ್ದೀರಿ ಅಂತ ಕೇಳಿದರೆ "ಇದು ಅಣ್ಣನ ಅಂಗಿ, ಉದ್ದ ಆಗುತ್ತೆ" ಅನ್ನುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ಡಿಸೈನರ್‌ಗಳು ದುಡ್ಡು ಕೊಟ್ಟು ಜನರನ್ನು ಕಳಿಸಿ ತಿಳಿದುಕೊಳ್ಳುವುದು ಇಂಥ ಸಂಗತಿಗಳನ್ನೇ.

ಫ್ಯಾಷನ್ ಕಂಪನಿಗಳು ರಸ್ತೆಯಿಂದ ತೆಗೆದುಕೊಂಡದ್ದು ಹೊಸದೇನಲ್ಲ. ಡಿಸೈನರ್ ಈವ್ ಸಾಂ ಲೊರಾಂ 1960ರಲ್ಲಿ ಡಿಯೊರ್ ಕಂಪನಿಗೆ ಮಾಡಿದ ಸಂಗ್ರಹದಲ್ಲಿ ಪ್ಯಾರಿಸ್ಸಿನ ಹುಡುಗರ ಕಪ್ಪು ಲೆದರ್ ಜಾಕೆಟ್ ತಂದರು. ಅಲ್ಲಿಯ ಗ್ರಾಹಕರಿಗೆ ಹಿಡಿಸಲೇ ಇಲ್ಲ. 1992ರಲ್ಲಿ ಮಾರ್ಕ್ ಜೇಕಬ್ಸ್ ಪೆರಿ ಎಲಿಸ್ ಕಂಪನಿಗೆ ಗ್ರಂಜ್ ಅನ್ನುವ ರಾಕ್ ಸಂಗೀತದ ಹುಡುಗರ ಚೌಕಳಿ ಅಂಗಿ ತಂದರು, ಕೆಲಸವೇ ಹೋಯಿತು. ನ್ಯೂಯಾರ್ಕಿನ ಹಾರ್ಲೆಮ್‌ನ ಡಿಸೈನರ್ ಡ್ಯಾಪರ್ ಡ್ಯಾನ್ ಕಥೆ ಇನ್ನೊಂದು ಬಗೆಯದು. ದೊಡ್ಡ ಕಂಪನಿಗಳ ಲೋಗೋವನ್ನು ಚರ್ಮದ ಮೇಲೆ ತಾವೇ ಅಚ್ಚು ಹಾಕಿ ರ‍್ಯಾಪರ್‌ಗಳಿಗೆ, ಆಟಗಾರರಿಗೆ ಜಾಕೆಟ್ ಹೊಲಿಯುತ್ತಿದ್ದರು. ಕಂಪನಿಗಳ ಕಾನೂನು ಕ್ರಮದಿಂದ 1992ರಲ್ಲಿ ಅವರ ಅಂಗಡಿ ಮುಚ್ಚಿತು. 2017ರಲ್ಲಿ ಅವರ ಹಳೆಯ ಜಾಕೆಟ್ ಒಂದನ್ನು ಹೋಲುವ ಜಾಕೆಟ್ ಗುಚ್ಚಿ ರನ್‌ವೇ ಮೇಲೆ ಬಂತು. ಜನ ಕೇಳದೆ ಬಿಡಲಿಲ್ಲ. ಕೊನೆಗೆ ಗುಚ್ಚಿಯವರು ಅವರ ಜೊತೆ ಸೇರಿ ಕೆಲಸ ಮಾಡಿದರು. ಹಾಗಾಗಿ ರಸ್ತೆಯಲ್ಲಿ ಕಂಡದ್ದನ್ನು ಬಳಸುವಾಗ ಯಾರಿಂದ ಬಂತು ಅಂತ ಹೆಸರು ಹೇಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಚಿತ್ರ ಬಿಡಿಸಲು ಬರುವುದಿಲ್ಲ ಅಂತ ಕೊರಗಬೇಡಿ. ಹೆಸರಾಂತ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ 16ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಲಂಡನ್ನಿನ ಸ್ಯಾವಿಲ್ ರೋನ ಟೈಲರ್ ಅಂಗಡಿ ಸೇರಿ ಕೋಟು ಹೊಲಿಯಲು ಕಲಿತರು. ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿಗೆ ಅವರು ಮೊದಲು ಹೋದದ್ದು ಪ್ಯಾಟರ್ನ್ ಕಟಿಂಗ್, ಅಂದರೆ ಬಟ್ಟೆ ಕತ್ತರಿಸುವ ಮಾದರಿ ತಯಾರಿಸುವುದನ್ನು, ಕಲಿಸುವ ಕೆಲಸ ಕೇಳಿಕೊಂಡು! ಲೂಯಿ ವಿಟಾನ್ ಗಂಡಸರ ಉಡುಪಿನ ಹೊಣೆಯನ್ನು 2018ರಲ್ಲಿ ಹೊತ್ತ ವರ್ಜಿಲ್ ಆಬ್ಲೋ ಓದಿದ್ದು ಸಿವಿಲ್ ಎಂಜಿನಿಯರಿಂಗ್, ಆಮೇಲೆ ಆರ್ಕಿಟೆಕ್ಚರ್. ಚಿತ್ರ ಬರದಿದ್ದರೆ ನಡೆಯುತ್ತದೆ. ಹೊಲಿಗೆ ಗೊತ್ತಿಲ್ಲದಿದ್ದರೆ ಕಷ್ಟ. ಹಾಕದೆ ಬಿಟ್ಟ ಒಂದು ಹಳೆಯ ಶರ್ಟ್ ತೆಗೆದುಕೊಳ್ಳಿ. ಕತ್ತರಿಯಿಂದ ಕತ್ತರಿಸಬೇಡಿ, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ. ತುಂಡುಗಳನ್ನು ಇಸ್ತ್ರಿ ಮಾಡಿ ನೆಲದ ಮೇಲೆ ಹರಡಿ. ತೋಳಿನ ತುಂಡಿನ ಮೇಲಂಚು ಗುಡ್ಡದ ಹಾಗೆ ಉಬ್ಬಿರುತ್ತದೆ. ಅದರ ಉದ್ದವನ್ನು ಟೇಪಿನಿಂದ ಅಳೆಯಿರಿ, ಅದು ಕೂರಬೇಕಾದ ಸುತ್ತಳತೆಯನ್ನೂ ಅಳೆಯಿರಿ. ಒಂದಕ್ಕಿಂತ ಇನ್ನೊಂದು ಎಷ್ಟು ಹೆಚ್ಚಿದೆ, ಆ ಹೆಚ್ಚಿನ ಬಟ್ಟೆ ಎಲ್ಲಿ ಹೋಯಿತು ಅಂತ ಯೋಚಿಸಿ. ಕಾಲರ್ ಎಷ್ಟು ಪದರ, ಒಳಗೆ ಏನಿಟ್ಟಿದ್ದಾರೆ ನೋಡಿ. ಆಮೇಲೆ ವಾಪಸ್ ಹೊಲಿಯಿರಿ. ಮೊದಲ ಸಲ ಸೊಟ್ಟಗಾದರೆ ಆಗಲಿ.

ಕಾಲೇಜು ಒಳ್ಳೆಯದೇ, ಕೈಗೆಟುಕಿದರೆ ಹೋಗಿ. ಸೇರುವ ಮುಂಚೆ ಪ್ಯಾಟರ್ನ್ ಕಟಿಂಗ್ ವಾರಕ್ಕೆ ಎಷ್ಟು ಗಂಟೆ, ಒಬ್ಬೊಬ್ಬರಿಗೆ ಒಂದು ಮಷೀನ್ ಇದೆಯಾ, ಓದಿದವರು ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ. ಇದಕ್ಕೆ ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ. ಸಾಲ ಮಾಡಿ ಓದಬೇಕಾದರಂತೂ ಒಳ್ಳೆಯ ಟೈಲರ್ ಹತ್ತಿರ ಕಲಿಯುವುದೇ ಮೊದಲು ಅಂತ ನನ್ನ ಅಭಿಪ್ರಾಯ. ಡಿಸೈನರ್, ಸ್ಟೈಲಿಸ್ಟ್ ಎರಡೇ ಕೆಲಸ ಅಂದುಕೊಳ್ಳಬೇಡಿ. ಪ್ಯಾಟರ್ನ್ ಮಾಡುವವರು, ಬಟ್ಟೆಯ ಗುಣಮಟ್ಟ ಪರೀಕ್ಷಿಸುವವರು, ಅಂಗಡಿಗೆ ಮಾಲು ಆರಿಸುವ ಬಯರ್, ಸಿನಿಮಾ ಉಡುಪು ವಿಭಾಗ, ಹೀಗೆ ಬೇಕಾದಷ್ಟಿವೆ. ಒಳ್ಳೆಯ ಪ್ಯಾಟರ್ನ್ ಮಾಸ್ಟರ್‌ಗೆ ಕೆಲಸದ ಬರ ಬಂದದ್ದನ್ನು ನಾನು ಕಂಡಿಲ್ಲ.

ದುಡ್ಡಿನ ಮಾತನ್ನು ಮೊದಲೇ ಆಡಿ. ಈ ಲೋಕದಲ್ಲಿ "ಅನುಭವ ಸಿಗುತ್ತೆ" ಅಂತ ಬಿಟ್ಟಿ ದುಡಿಸಿಕೊಳ್ಳುವವರು ತುಂಬಾ ಜನ. ಸಂಬಳ ಎಷ್ಟು, ಓಡಾಟದ ಖರ್ಚು ಯಾರದ್ದು, ಬಟ್ಟೆ ಹಾಳಾದರೆ ಯಾರ ಹೊಣೆ, ನನ್ನ ಹೆಸರು ಹಾಕುತ್ತೀರಾ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೇಳಿದ್ದಕ್ಕೆ ಸಿಡುಕುವವರ ಹತ್ತಿರ ಕೆಲಸ ಬೇಡ.

ಸ್ಟೈಲಿಸ್ಟ್‌ಗಳಿಗೆ ಮೇಲ್ ಬರೆಯುವಾಗ ಸೆಲೆಬ್ರಿಟಿ ಫೋಟೋಗಳ ಕೊಲಾಜ್ ಕಳಿಸಬೇಡಿ, ಅದು ಎಲ್ಲರ ಹತ್ತಿರ ಇದೆ. ನೀವೇ ತೆಗೆದ ರಸ್ತೆಯ ಫೋಟೋಗಳಲ್ಲಿ ಕೆಲವನ್ನು ಆರಿಸಿ, ಪ್ರತಿಯೊಂದರ ಕೆಳಗೆ ಆ ಬಟ್ಟೆ ಹೇಗೆ ಕೂತಿದೆ, ಯಾಕೆ ಚೆನ್ನಾಗಿದೆ ಅಂತ ಮೂರ್ನಾಲ್ಕು ಸಾಲು ಬರೆಯಿರಿ. ಸ್ಟೀಮ್ ಮಾಡಲು, ಗುಂಡಿ ಹಾಕಲು, ಅಂಚು ಹೊಲಿಯಲು ಬರುತ್ತದೆ ಅಂತ ತಿಳಿಸಿ. ಯಾವ ದಿನಗಳಲ್ಲಿ ಬರಬಲ್ಲಿರಿ ಅಂತಲೂ ಸ್ಪಷ್ಟವಾಗಿ ಹೇಳಿ. ಶೂಟಿಂಗ್ ಹಿಂದಿನ ರಾತ್ರಿ ಅಸಿಸ್ಟೆಂಟ್ ಒಬ್ಬರು ಕೈಕೊಟ್ಟಾಗ ನಾವು ಮೊದಲು ಹುಡುಕುವುದು ಅಂಥ ಮೇಲ್‌ಗಳನ್ನೇ.