ಫಾಸ್ಟ್ ರೀರೂಟ್ ಹಾಕಿದ್ದರೂ ಫೈಬರ್ ಕಟ್ ಆದಾಗ ಎಲ್ಲ ಯಾಕೆ ನಿಂತುಹೋಗುತ್ತದೆ?

ಎಂಪಿಎಲ್‌ಎಸ್ ಟನೆಲ್‌ಗೆ (ಪ್ಯಾಕೆಟ್ಟಿಗೆ ಲೇಬಲ್ ಅಂಟಿಸಿ ಗೊತ್ತುಮಾಡಿದ ದಾರಿಯಲ್ಲಿ ಕಳಿಸುವ ವ್ಯವಸ್ಥೆ) ಫಾಸ್ಟ್ ರೀರೂಟ್, ಅಂದರೆ ಲಿಂಕ್ ಬಿದ್ದ ತಕ್ಷಣ ಮೊದಲೇ ಕಟ್ಟಿಟ್ಟ ಬ್ಯಾಕಪ್ ದಾರಿಗೆ ತಿರುಗಿಸುವ ಏರ್ಪಾಡು, ಹಾಕಿದ್ದೀರಿ, ರೂಟರ್ ಕೂಡ ಬ್ಯಾಕಪ್ ರೆಡಿ ಎನ್ನುತ್ತದೆ, ಆದರೂ ಫೈಬರ್ ಕಟ್ ಆದ ದಿನ ಎಲ್ಲ ನಿಂತುಹೋಯಿತು. 50 ಮಿಲಿಸೆಕೆಂಡಿನಲ್ಲಿ ಬ್ಯಾಕಪ್ಪಿಗೆ ತಿರುಗುತ್ತದೆ ಅನ್ನೋದು ಸುಳ್ಳಾ ಅಂತ ಕೇಳಿದ್ದೀರಿ.

ಸುಳ್ಳಲ್ಲ. ಮೊದಲು ಕೇಬಲ್ ನೆಲದೊಳಗೆ ಎಲ್ಲಿ ಹೋಗಿದೆ ನೋಡಿ. ನಾನು ದಾವಣಗೆರೆಯಲ್ಲಿ ಇದೇ ಕೆಲಸ ಮಾಡುವವನು, ಇದೇ ಪೆಟ್ಟು ತಿಂದಿದ್ದೇನೆ.

ನಮ್ಮ ಟನೆಲ್ ದಾವಣಗೆರೆಯಿಂದ ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಹೋಗುತ್ತಿತ್ತು. ಚಿತ್ರದುರ್ಗದ ಲಿಂಕ್ ಬಿದ್ದರೆ ಇರಲಿ ಅಂತ ಭರಮಸಾಗರದ ರೂಟರ್ ಮೇಲೆ ಚಿತ್ರದುರ್ಗಕ್ಕೆ ಒಂದು ಬೈಪಾಸ್, ಅಂದರೆ ಬ್ಯಾಕಪ್ ಟನೆಲ್, ಕಟ್ಟಿದ್ದೆವು. ಲಿಂಕ್ ಬಿದ್ದಾಗ ದಾವಣಗೆರೆ ರೂಟರ್ ಹೊಸ ದಾರಿ ಹುಡುಕುತ್ತಾ ಕೂರುವುದಿಲ್ಲ. ಎಂದಿನ ಲೇಬಲ್ ಮೇಲೆ ಬೈಪಾಸಿನ ಲೇಬಲ್ ಇನ್ನೊಂದು ಅಂಟಿಸಿ ಆ ಕಡೆ ತಳ್ಳುತ್ತದೆ. ಭರಮಸಾಗರದಲ್ಲಿ ಮೇಲಿನದನ್ನು ಕಿತ್ತುಹಾಕುತ್ತಾರೆ. ಚಿತ್ರದುರ್ಗಕ್ಕೆ ಸಿಗುವುದು ಅದೇ ಹಳೆಯ ಲೇಬಲ್, ಹಾಗಾಗಿ ಅದಕ್ಕೆ ಏನೂ ಆಗಿಲ್ಲದ ಹಾಗೆ. ಒಂದೇ ಬೈಪಾಸ್ ನೂರಾರು ಟನೆಲ್‌ಗಳನ್ನು ಕಾಯಬಲ್ಲದು. 2005ರ ಆರ್‌ಎಫ್‌ಸಿ 4090 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಇದೆಲ್ಲ ಇದೆ.

ಚೆನ್ನಾಗಿದೆ ಅಲ್ವಾ? ಒಂದು ಸಂಜೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡಿದ್ದಾಗ ಎರಡೂ ಲಿಂಕ್ ಒಟ್ಟಿಗೆ ಬಿದ್ದವು. ಆನಗೋಡಿನ ಹತ್ತಿರ ಹೋಗಿ ನೋಡಿದರೆ ಹೈವೇ ಪಕ್ಕದ ಗುಂಡಿಯಲ್ಲಿ ಎರಡು ಪೈಪ್, ಒಂದು ಕಿತ್ತಳೆ, ಒಂದು ಕಪ್ಪು, ನಡುವೆ ಗೇಣು ಜಾಗವಿಲ್ಲ. ಜೆಸಿಬಿ ಒಂದೇ ಬಾಚಿಗೆ ಎರಡನ್ನೂ ಎತ್ತಿತ್ತು. ಎರಡು ಕಂಪನಿಯಿಂದ ಬಾಡಿಗೆಗೆ ತಗೊಂಡಿದ್ದೇವೆ, ದಾರಿಯೂ ಎರಡು ಅಂದುಕೊಂಡಿದ್ದು ನಮ್ಮದೇ ದಡ್ಡತನ.

ಇದಕ್ಕೆ ಎಸ್‌ಆರ್‌ಎಲ್‌ಜಿ (ಒಟ್ಟಿಗೆ ಬೀಳಬಹುದಾದ ಲಿಂಕ್‌ಗಳ ಗುಂಪು) ಅಂತ ಒಂದು ಉಪಾಯವಿದೆ. ಒಂದೇ ಗುಂಡಿಯಲ್ಲಿರುವ ಲಿಂಕ್‌ಗಳಿಗೆಲ್ಲ ಒಂದೇ ನಂಬರ್ ಕೊಡುವುದು. ರೂಟರ್‌ಗಳು ಲಿಂಕ್‌ಗಳ ಸುದ್ದಿ ಹಂಚಿಕೊಳ್ಳುವ ಓಎಸ್‌ಪಿಎಫ್ ಪ್ರೋಟೊಕಾಲ್ ಅದನ್ನು ಎಲ್ಲ ರೂಟರ್‌ಗೂ ಹರಡುತ್ತದೆ, ಬೈಪಾಸ್ ಕಟ್ಟುವಾಗ ರೂಟರ್ ಆ ನಂಬರಿನ ಲಿಂಕ್ ಬಿಟ್ಟು ಬೇರೆ ಹುಡುಕುತ್ತದೆ. ಆದರೆ ನಂಬರ್ ನೀವೇ ಕೈಯಾರೆ ಹಾಕಬೇಕು. ರೂಟರ್‌ಗೆ ಮಣ್ಣೊಳಗೆ ಏನಿದೆ ಅಂತ ಗೊತ್ತಿರಲ್ಲ. ಕೆಲವು ರೂಟರ್‌ಗಳಲ್ಲಿ ‘ಕಡ್ಡಾಯ’, ‘ಆದರೆ ಆಗಲಿ’ ಅಂತ ಎರಡು ಬಗೆ ಇರುತ್ತದೆ. ನಾನು ಕಡ್ಡಾಯವನ್ನೇ ಹಾಕುತ್ತೇನೆ. ಬೇರೆ ದಾರಿ ಇಲ್ಲದಿದ್ದರೆ ಬೈಪಾಸ್ ಏಳುವುದೇ ಇಲ್ಲ, ಸುಮ್ನೆ ರೆಡಿ ಅಂತ ತೋರಿಸಿ ಮೋಸ ಮಾಡುವುದಕ್ಕಿಂತ ಅದೇ ವಾಸಿ.

ಗುಂಡಿ ಬೇರೆ ಬೇರೆ ಇದ್ದೂ ತಡವಾದರೆ ನಡುವೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಡಬ್ಬಿ) ಇದೆಯಾ ನೋಡಿ. ಆಚೆ ಫೈಬರ್ ಕಟ್ ಆದರೂ ಇತ್ತ ಪೋರ್ಟ್ ಹಸಿರಾಗೇ ಉರಿಯುತ್ತಿರುತ್ತದೆ, ಓಎಸ್‌ಪಿಎಫ್‌ಗೆ ಗೊತ್ತಾಗಲು ಸಾಮಾನ್ಯವಾಗಿ 40 ಸೆಕೆಂಡ್ ಬೇಕು. ಬಿಎಫ್‌ಡಿ ಹಾಕಿ, ಅದು ಆಚೆ ರೂಟರ್ ಜೊತೆ ಬೇಗಬೇಗ ಚಿಕ್ಕ ಪ್ಯಾಕೆಟ್ ಕಳಿಸಿ ಲಿಂಕ್ ಇದೆಯಾ ಅಂತ ನೋಡುತ್ತಿರುತ್ತದೆ. 50 ಮಿಲಿಸೆಕೆಂಡಿಗೊಂದರಂತೆ ಮೂರು ಪ್ಯಾಕೆಟ್ ತಪ್ಪಿದರೆ 150 ಮಿಲಿಸೆಕೆಂಡಿಗೆ ಗೊತ್ತಾಗುತ್ತದೆ.

ನಾವು ಕೊನೆಗೆ ರೈಲು ಹಳಿ ಪಕ್ಕ ಚಿಕ್ಕಜಾಜೂರು ಮೇಲೆ ಚಿತ್ರದುರ್ಗಕ್ಕೆ ಬರುವ ಫೈಬರ್ ಹಿಡಿದೆವು. ದೂರ ಜಾಸ್ತಿ, ಬಾಡಿಗೆಯೂ ಜಾಸ್ತಿ. ಸಹಿ ಹಾಕುವ ಮೊದಲು ಕೇಬಲ್ ದಾರಿಯ ಮ್ಯಾಪ್ ಫೈಲ್ ಕೇಳಿ ಪಡೆಯಿರಿ, ನಿಮ್ಮ ಆಫೀಸ್ ಬಾಗಿಲವರೆಗೂ ನೋಡಿ. ನಮ್ಮ ಬೀದಿಯಲ್ಲಿ ಇವತ್ತಿಗೂ ಎರಡೂ ಕೇಬಲ್ ಒಂದೇ ಕಂಬದ ಮೇಲಿವೆ.