ಚಾರ್ಟರ್ ಶಾಲೆಗೆ ಹೇಳೋರು ಕೇಳೋರು ಯಾರು?

ಮಗಳಿಗೆ ಲಾಟರಿಯಲ್ಲಿ ಚಾರ್ಟರ್ ಶಾಲೆಯ ಸೀಟು ಸಿಕ್ಕಿದೆ, ಆದರೆ ಅದರ ಮೇಲೆ ಯಾರ ಹಿಡಿತವೂ ಇಲ್ವಾ ಅಂತ ಕೇಳಿದ್ದೀರಿ. ಇದೆ. ಅಮೆರಿಕದಲ್ಲಿ ಇಂಥ ಶಾಲೆಗಳಿಗೆ ಮೊಟ್ಟಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಚಾರ್ಟರ್ ಶಾಲೆ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ, ಫೀಸು ಇಲ್ಲ; ಆದರೆ ಅದನ್ನು ನಡೆಸುವುದು ಅದರದ್ದೇ ಬೋರ್ಡು, ಅಂದರೆ ಆಡಳಿತ ಮಂಡಳಿ. ರಾಜ್ಯದ ಪರೀಕ್ಷೆಯೂ ತಪ್ಪುವುದಿಲ್ಲ. ಪಾಠದ ರೀತಿ, ಶಾಲೆಯ ಸಮಯ, ಶಿಕ್ಷಕರ ನೇಮಕದಲ್ಲಿ ಮಾತ್ರ ಸ್ವಾತಂತ್ರ್ಯ ಜಾಸ್ತಿ. ಅದಕ್ಕೆ ಬದಲಾಗಿ ಶಾಲೆಗೆ ಅನುಮತಿ ಕೊಡುವ ಸಂಸ್ಥೆಯ ಜೊತೆ ಒಂದು ಕರಾರು ಇರುತ್ತದೆ, ಅದೇ ಚಾರ್ಟರ್. ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಮಕ್ಕಳ ಕಲಿಕೆಯೋ ಲೆಕ್ಕಪತ್ರವೋ ಹದಗೆಟ್ಟರೆ ಅನುಮತಿ ಕೊಟ್ಟವರು ಶಾಲೆಯನ್ನೇ ಮುಚ್ಚಿಸಬಹುದು.

ನನ್ನ ಚಿಂತೆ ಬೇರೆ. ಡಿಸ್ಟ್ರಿಕ್ಟ್ ಶಾಲೆಗಳ, ಅಂದರೆ ಆಯಾ ಪ್ರದೇಶದ ಮಾಮೂಲಿ ಸರ್ಕಾರಿ ಶಾಲೆಗಳ, ಬೋರ್ಡನ್ನು ಹೆಚ್ಚಿನ ಕಡೆ ಊರಿನವರೇ ಓಟು ಹಾಕಿ ಆರಿಸುತ್ತಾರೆ. ಚಾರ್ಟರ್ ಬೋರ್ಡಿಗೆ ಬಹುತೇಕ ಕಡೆ ಹಾಗಿಲ್ಲ. ನಮ್ಮ ಮಗನ ಚಾರ್ಟರ್ ಶಾಲೆಯಲ್ಲಿ ವರ್ಷದ ನಡುವೆ ಬಸ್ ನಿಲ್ಲಿಸಿಬಿಟ್ಟರು. ಸಭೆಗೆ ಹೋಗಿ, ಚೀಟಿಯಲ್ಲಿ ಹೆಸರು ಬರೆದುಕೊಟ್ಟು, ಎರಡು ನಿಮಿಷ ಮಾತಾಡಿದೆ. ಕೇಳಿಸಿಕೊಂಡರು, ಅಷ್ಟೇ. ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳೋಣ ಅನ್ನುವ ದಾರಿಯೇ ಅಲ್ಲಿರಲಿಲ್ಲ.

ಸೀಟಿಗೆ ಒಪ್ಪುವ ಮೊದಲು ಕರಾರು ಯಾವ ವರ್ಷ ಮುಗಿಯುತ್ತದೆ ಅಂತ ಕೇಳಿ. ಕಳೆದ ವರ್ಷದ ಆಡಿಟ್ ವರದಿಯನ್ನೂ ಕೇಳಿ ಓದಿ. ಒಂದು ಬೋರ್ಡ್ ಸಭೆಗೆ ಹೋಗಿ ಕೂತು ಬನ್ನಿ.