ಪ್ರತಿಕ್ರಿಯೆ: ಮೃಗಾಲಯದ ಚೀತಾವನ್ನು ಮಕ್ಕಳಿಗೆ ಪರಿಚಯಿಸುವ ಬಗೆ

ಮೈಸೂರು ಮೃಗಾಲಯಕ್ಕೆ ಶಾಲಾ ಮಕ್ಕಳನ್ನು ಕರೆದೊಯ್ಯಲಿರುವ ತಾವು, ಮಲಗಿಯೇ ಇರುವ ಚೀತಾದ ವೇಗವನ್ನು ಅವರಿಗೆ ಹೇಗೆ ವಿವರಿಸಬೇಕೆಂದು ಕೇಳಿದ್ದೀರಿ. ಓಟವನ್ನು ಕಾಣಲಾಗದಿದ್ದರೂ ಓಟಕ್ಕಾಗಿ ರೂಪುಗೊಂಡ ದೇಹವನ್ನು ಕಾಣಬಹುದಾದ್ದರಿಂದ, ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಮೊದಲು ಪಾದಗಳನ್ನು ತೋರಿಸಿ. ಚಿರತೆಯ ಉಗುರುಗಳು ಒರೆಯೊಳಗೆ ಪೂರ್ತಿಯಾಗಿ ಸರಿದುಕೊಳ್ಳುತ್ತವೆ. ಚೀತಾದ ಉಗುರುಗಳು ಹಾಗೆ ಮರೆಯಾಗದೆ, ಓಟಗಾರನ ಬೂಟಿನ ಮೊಳೆಗಳಂತೆ ನೆಲವನ್ನು ಕಚ್ಚಿ ಹಿಡಿಯುತ್ತವೆ. ಉದ್ದನೆಯ ಬಾಲವು ತಿರುವುಗಳಲ್ಲಿ ದೇಹದ ತೂಕವನ್ನು ಸರಿದೂಗಿಸುತ್ತದೆ. ಬಿಲ್ಲಿನಂತೆ ಬಾಗಿ ಚಾಚಿಕೊಳ್ಳುವ ಬೆನ್ನುಮೂಳೆಯು ಪ್ರತಿ ಹೆಜ್ಜೆಯನ್ನೂ ಸುಮಾರು 6ರಿಂದ 7 ಮೀಟರ್‌ಗಳಷ್ಟು ಹಿಗ್ಗಿಸುತ್ತದೆ. ಅಗಲವಾದ ಮೂಗಿನ ಹಾದಿಗಳಿಂದ ಹೆಚ್ಚು ಗಾಳಿ ಒಳಬರುತ್ತದೆ, ಆದರೂ ಈ ವೇಗವು ಕೆಲವು ನೂರು ಮೀಟರ್‌ಗಳನ್ನು ಮೀರಿ ಉಳಿಯುವುದಿಲ್ಲ. ಕಣ್ಣಿನಿಂದ ಬಾಯಿಯವರೆಗೆ ಇಳಿಯುವ ಕಪ್ಪು ಗೆರೆ ಚಿರತೆಗೆ ಇಲ್ಲ. ಮಕ್ಕಳು ಎರಡನ್ನೂ ಗುರುತಿಸಲು ಇದಕ್ಕಿಂತ ಸುಲಭವಾದ ಕುರುಹು ನನಗೆ ತಿಳಿದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚೀತಾ ಸ್ವಭಾವತಃ ಅಂಜುವ ಪ್ರಾಣಿ. ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಅದಕ್ಕೆ ಧೈರ್ಯ ಬರಲೆಂದು ಮರಿಯಿದ್ದಾಗಿನಿಂದಲೇ ನಾಯಿಯೊಂದನ್ನು ಜೊತೆಗೆ ಬೆಳೆಸುತ್ತಾರೆ. ಆದ್ದರಿಂದ ಅದನ್ನು ಎಬ್ಬಿಸಲು ಕೂಗಬಾರದೆಂಬುದನ್ನು ಆವರಣದ ಬಳಿ ತಲುಪುವ ಮೊದಲೇ ಮಕ್ಕಳಿಗೆ ತಿಳಿಸಿ, ಸ್ವಲ್ಪ ಹೊತ್ತು ಮೌನವಾಗಿ ನಿಲ್ಲಿಸಿ. ಅದು ಹುಲಿಯಂತೆ ಗರ್ಜಿಸದೆ ಬೆಕ್ಕಿನಂತೆ ಗುರುಗುಟ್ಟುತ್ತದೆ ಎಂದು ತಿಳಿದ ಮಕ್ಕಳು ಕಿವಿಗೊಟ್ಟು ನಿಲ್ಲುತ್ತಾರೆ.